ಮೆಸ್ಸಿನ ಗೋಡೆಗೆ ಬಂದ ಸ್ಪೇನಿನ ಚಿತ್ರಗಾರ

ಕೂಲಿಯವರಿಗೆ ಕಲೆ ಯಾಕೆ ಎಂದು ಕೇಳುವವರು ಇರುವವರೆಗೆ ಇಂಥ ತಮಾಷೆಗಳಿಗೆ ಬರಗಾಲವಿಲ್ಲ.

ಎಂಬತ್ತರ ದಶಕದಲ್ಲಿ ನಾನು ಸೌದಿಯ ಜುಬೈಲಿನಲ್ಲಿ ವೆಲ್ಡರ್. ಡಿಕ್ಷನರಿ ಹಿಡಿದು ಇಂಗ್ಲಿಷ್ ಕಲಿತವನು. ನಮ್ಮ ಸ್ಪೇನಿನ ಎಂಜಿನಿಯರ್ ರಜೆ ಮುಗಿಸಿ ಬರುವಾಗ ತನ್ನೂರಿನ ಮ್ಯೂಸಿಯಮ್ಮಿನ ದಪ್ಪ ಪುಸ್ತಕ ತಂದಿದ್ದ. ಅವರ ದೇಶದ ಮಹಾ ಚಿತ್ರಗಾರನೊಬ್ಬನ ಬದುಕು, ಚಿತ್ರಗಳು. "ಕಣ್ಣಿರುವುದು ನಿಮಗೆ ಮಾತ್ರವಾ?" ಎಂದು ಜಗಳ ತೆಗೆದೆ. ಕೊಟ್ಟುಬಿಟ್ಟ. ಹಾಳೆ ಬಿಡಿಸಿ ಕ್ಯಾಂಪಿನ ಮೆಸ್ಸಿನ ಗೋಡೆಗೆ ಅಂಟಿಸಿದೆ.

ಕ್ಯಾಂಪ್ ಬಾಸ್ ನಮ್ಮ ಮಂಗಳೂರು ಕಡೆಯವನೇ. "ಶುಕ್ರವಾರ ಸೌದಿ ಮ್ಯಾನೇಜರ್ ಬರ್ತಾರೆ. ಅವರು ಬೇಡ ಅಂದರೆ ಎಲ್ಲ ಹರಿದು ಬಿಸಾಡ್ತೇನೆ," ಎಂದ.

ನೀಲಿ ಮನುಷ್ಯ

ಮೊದಲು ಬಂದು ನೋಡಿದವರು ಭಟ್ಕಳದ ಅಡುಗೆ ಭಾಯಿ. "ಇವನೆಂತ, ತಲೆಯಿಂದ ಕಾಲಿನವರೆಗೆ ನೀಲಿ?"

"ಚಿತ್ರಗಾರ ಬಡತನದಲ್ಲಿದ್ದಾಗ ಬರೆದದ್ದು ಭಾಯಿ. ಹೊಟ್ಟೆಗಿಲ್ಲ, ಚಳಿಗೆ ಬೆಂಕಿಯಿಲ್ಲ."

ಭಾಯಿ ಕಂಪನಿ ಕೊಟ್ಟ ನನ್ನ ನೀಲಿ ಡ್ರೆಸ್ಸನ್ನು ಮೇಲೆ ಕೆಳಗೆ ನೋಡಿದರು. "ಹಾಗಾದರೆ ನಮ್ಮ ಕಂಪನಿಯವನೇ!"

ಒಂದೇ ಕೆನ್ನೆಗೆ ಎರಡು ಕಣ್ಣು

ಮರುದಿನ ಬಾಸ್ ಇನ್ನೊಂದು ಚಿತ್ರಕ್ಕೆ ಬೆರಳು ತೋರಿಸಿದ. "ಒಂದೇ ಕೆನ್ನೆಯಲ್ಲಿ ಎರಡು ಕಣ್ಣು. ಇದು ಮುಖವಾ ಮಾರಾಯ?"

ಉಡುಪಿಯ ಫಿಟ್ಟರ್ ಊಟ ಬಿಟ್ಟು ಎದ್ದ. "ಮುಖವೇ. ನೀವು ಕಾರಿನಲ್ಲಿ ಹೋಗುವವರು, ಗೊತ್ತಾಗಲಿಕ್ಕಿಲ್ಲ. ಒಂದು ದಿನ ಕಂಪನಿ ಬಸ್ಸಿನಲ್ಲಿ ನಮ್ಮ ಜೊತೆ ಬನ್ನಿ. ಇಳಿಯುವಾಗ ನಿಮ್ಮದೂ ಹೀಗೇ ಇರ್ತದೆ."

ಕರಿ ಚೌಕ

ಎಲ್ಲರಿಗೂ ಹೆಚ್ಚು ಹಿಡಿಸಿದ್ದು ಒಂದು ಚಿತ್ರ. ಕಿಟಕಿ, ಹೂದಾನಿ, ನಡುವೆ ದೊಡ್ಡದೊಂದು ಕರಿ ಚೌಕ. ವಾರವಿಡೀ ನಾನು ಅದರ ಮುಂದೆ ನಿಂತು ಭಾಷಣ ಮಾಡಿದೆ: "ಇದು ದುಡಿಯುವವನ ಎದೆಯೊಳಗಿನ ಕತ್ತಲೆ!" ಫಿಟ್ಟರ್ ಎರಡು ಸಲ ಅತ್ತ.

ಶುಕ್ರವಾರ ಮ್ಯಾನೇಜರ್ ಬಂದರು. ಹರಿಯಲು ಬಾಸ್ ಕೈ ಎತ್ತಿಕೊಂಡೇ ನಿಂತಿದ್ದ. ನಾನು ಹೆದರಲಿಲ್ಲ, ಹರುಕು ಅರಬ್ಬಿಯಲ್ಲಿ ಅದೇ ಭಾಷಣ ಬಿಗಿದೆ. ಮ್ಯಾನೇಜರ್ ಚೌಕಕ್ಕೆ ಮೂಗು ತಾಗಿಸಿ ನೋಡಿದರು. ಅವರ ಭುಜ ಕುಣಿಯತೊಡಗಿತು.

"ಇಲ್ಲಿ ಒಬ್ಬಳು ಹೆಂಗಸು ಇದ್ದಳು," ಎಂದರು. "ವಿಮಾನ ನಿಲ್ದಾಣದಲ್ಲಿ ಪುಸ್ತಕ ತೆರೆದು ನೋಡಿ ಹೆಂಗಸರ ಚಿತ್ರಗಳ ಮೇಲೆ ಕರಿ ಮಸಿ ಬಳಿಯುವುದು ನನ್ನ ತಮ್ಮನ ಕೆಲಸ."

ಫಿಟ್ಟರ್ ನನ್ನನ್ನು ನುಂಗುವಂತೆ ನೋಡಿದ.

ಮ್ಯಾನೇಜರ್ ಬಾಸ್‌ನ ಕೈ ಕೆಳಗಿಳಿಸಿದರು. "ಒಂದು ಹಾಳೆಯನ್ನೂ ಮುಟ್ಟಬೇಡ. ನನ್ನ ತಮ್ಮ ಹದಿನೈದು ವರ್ಷದಿಂದ ಈ ಮಸಿಗಾಗಿ ಎಲ್ಲರಿಂದ ಬೈಸಿಕೊಂಡೇ ಬಂದ ಪಾಪದವನು. ಮುಂದಿನ ಶುಕ್ರವಾರ ಕರೆದುಕೊಂಡು ಬರ್ತೇನೆ, ಆ ಭಾಷಣ ಅವನೂ ಕೇಳಲಿ."