ಸೆಲ್ ಮುಗಿದ ಹಾಡು

ನಮ್ಮ ಮಾಮನಿಗೆ ಬರುವುದು ಒಂದೇ ಹಾಡು. ಅದೂ ತಪ್ಪು! ಆದರೂ ಶಹಾಬಾದಿನಿಂದ ಸೇಡಂವರೆಗೆ ಅವನ ಮದುವೆ ಬ್ಯಾಂಡಿಗೆ ಇದ್ದ ಬೇಡಿಕೆ, ಎಂ.ಎ. ಓದಿದ ನನಗೆ ಎಂದೂ ಬರಲಿಲ್ಲ.

ಮಾಮ ನನ್ನ ಅವ್ವನ ತಮ್ಮ. ಬ್ಯಾಂಡಿನ ಯಜಮಾನ, ತುತ್ತೂರಿ ಊದುವವನು. ಮುಂಬೈಯಿಂದ ಬಂದ ಗೆಳೆಯನೊಬ್ಬ ಅವನಿಗೆ ವಿಲಾಯತಿ ರಾಕ್ ತಂಡವೊಂದರ ಕ್ಯಾಸೆಟ್ ಕೊಟ್ಟಿದ್ದ. ಅದರ ಹತ್ತು ಹಾಡುಗಳಲ್ಲಿ ಒಂಬತ್ತು, ನಮ್ಮೂರ ಗಣಿಯಲ್ಲಿ ನೆಲಹಾಸಿನ ಫರಸಿಕಲ್ಲು ಕೊಯ್ಯುವ ಯಂತ್ರದ ಸದ್ದು. ಶಹಾಬಾದಿನವರಿಗೆ ಅದನ್ನು ಕೇಳಲು ಕ್ಯಾಸೆಟ್ ಬೇಕೆ? ಹತ್ತನೆಯದು ಮಾತ್ರ ರಾಗವಾದ ಅಳು. ಆ ತಂಡ ಜಗತ್ತಿನಲ್ಲಿ ಹೆಸರಾದದ್ದೂ ಆ ಒಂದರಿಂದಲೇ ಅಂತೆ. ಅಲ್ಲಿಗೆ ಗುರುವಿಗೂ ಒಂದೇ, ಶಿಷ್ಯನಿಗೂ ಒಂದೇ.

ಕ್ಯಾಸೆಟ್ಟಿನ ಮೇಲೆ ನಾಲ್ವರ ಚಿತ್ರ: ಬೆನ್ನು ತುಂಬ ಕೂದಲು, ತುಟಿಗೆ ಬಣ್ಣ, ಮಿರಮಿರ ಮಿಂಚುವ ಬಿಗಿ ಪ್ಯಾಂಟು. ಅಜ್ಜಿ ಬೆಳಕಿಗೆ ಹಿಡಿದು ನೋಡಿದಳು.

"ಯಾರ ಮನಿ ಹೆಣ್ಣುಮಕ್ಕಳೋ ಇವು? ತಲಿಗೆ ಒಂದು ಹನಿ ಎಣ್ಣಿ ಇಲ್ಲ."

"ಗಂಡಸರದಾರವ್ವಾ ಅವರು!" ಎಂದ ಮಾಮ.

"ಹಂಗಾದ್ರ ಅವರವ್ವನ ಹಣೇಬಾರ," ಎಂದು ಹಿಂದಕ್ಕೆ ಕೊಟ್ಟಳು.

ಮಾಮ ಮರುದಿನದಿಂದಲೇ ಕ್ಷೌರ ಬಿಟ್ಟ. ಅಜ್ಜಿಯ ರೇಷ್ಮೆ ಸೀರೆಯ ಜರಿಯಂಚು ಕತ್ತರಿಸಿ ಬ್ಯಾಂಡಿನ ಕೋಟುಗಳಿಗೆ ಹೊಲಿಸಿದ. ಬೆವರು, ಎಣ್ಣೆ, ಫರಸಿ ಧೂಳು ಸೇರಿ ಅವನ ಕೂದಲು ಹೇಗೆ ನೆಟ್ಟಗೆ ನಿಲ್ಲುತ್ತಿತ್ತೆಂದರೆ, ವಿಲಾಯತಿಯವರು ಏನು ಹಚ್ಚಿಕೊಂಡರೂ ಹಾಗೆ ನಿಂತಿರಲಾರದು!

ಇನ್ನು ಹಾಡಿನ ತಪ್ಪು. ಅವನು ಅದನ್ನು ಕಲಿತದ್ದು ಸೆಲ್ ಮುಗಿಯುತ್ತ ಬಂದ ಟೇಪ್‌ರೆಕಾರ್ಡರಿನಲ್ಲಿ. ಅರ್ಧ ದಾಟಿದ ಮೇಲೆ ಹಾಡು ನಿಧಾನವಾಗಿ, ದನಿ ಇಳಿದು, ಎಮ್ಮೆ ನರಳಿದಂತೆ ನಿಂತುಹೋಗುತ್ತಿತ್ತು. ಅದೇ ಹಾಡಿನ ಗತ್ತು ಎಂದುಕೊಂಡ ಮಾಮ, ಇಡೀ ಬ್ಯಾಂಡಿಗೆ ಶಿಸ್ತಾಗಿ ನರಳಲು ಕಲಿಸಿದ! ಆ ಜಾಗ ಬಂದಾಗ ಮೆರವಣಿಗೆಯಲ್ಲಿ ಕುಣಿಯುವವರು ಎತ್ತಿದ ಕಾಲು ಇಳಿಸದೆ ಕಾಯುತ್ತಿದ್ದರು. ಚಿತ್ತಾಪುರದಲ್ಲಿ ಮದುಮಗನ ಕುದುರೆ ನಿಂತದ್ದು ಮತ್ತೆ ಹೊರಡಲೇ ಇಲ್ಲ. ಪಾಪ, ಅವನು ಮುಹೂರ್ತಕ್ಕೆ ನಡೆದೇ ಹೋದ.

ನಾನು ಗುಲ್ಬರ್ಗದಿಂದ ಹೊಸ ಸೆಲ್ ತಂದು ಹಾಕಿ ನಿಜವಾದ ಹಾಡನ್ನು ಕೇಳಿಸಿದೆ. ಮಾಮ ಕಣ್ಣು ಮುಚ್ಚಿ ಕೇಳಿದ.

"ಛಲೋ ಅದ. ಖರೇ ಅಂದ್ರ ಭಾಳ ಅವಸರ ಮಾಡಾಕತ್ತಾರ."

"ರೈಲು ತಪ್ಪತದಂತ ಕಾಣ್ತದ ಉಸ್ತಾದ್," ಎಂದ ಡ್ರಮ್ ಬಾರಿಸುವ ಚಾಂದಸಾಬ.

ಮದುಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಅದೇ ಹಾಡು. ನೆರೆದವರೆಲ್ಲ ಅಳುತ್ತಿದ್ದರು. ಹುಡುಗಿ ಹೋಗುವುದಕ್ಕೋ, ಸಂಗೀತದ ಗತಿಗೋ, ನಾನು ಹೇಳಲಾರೆ.

ಹೀಗಿರುವಾಗ ಸೇಡಂನ ಉಪನ್ಯಾಸಕರೊಬ್ಬರೊಂದಿಗೆ ನನ್ನ ಮದುವೆ ನಿಶ್ಚಯವಾಯಿತು. ನಾನು ಮಾಮನಿಗೆ ಒಂದೇ ಷರತ್ತು ಹಾಕಿದೆ: ಆ ಹಾಡು ಬೇಡ.

"ನಿನ್ನ ಕಳಸೂ ಹೊತ್ತಿಗೆ ಊದಬೇಕಂತೇ, ಇಷ್ಟು ವರ್ಷ ಮಂದಿ ಮದುವ್ಯಾಗ ಪ್ರಾಕ್ಟೀಸ್ ಮಾಡೀನಲ್ಲವ್ವಾ!"

"ಬ್ಯಾಡಂದ್ರ ಬ್ಯಾಡ ಮಾಮಾ. ಅವರ ಮನಿಯವರು ನಗತಾರ."

ಅವನು ತುತ್ತೂರಿಯನ್ನು ಅಂಗಿಯ ಚುಂಗಿನಿಂದ ಒರೆಸುತ್ತ ಕುಳಿತ. "ಆಯ್ತು," ಎಂದ.

ಮದುವೆಯ ದಿನ ಕೂದಲು ಕತ್ತರಿಸಿಕೊಂಡು, ಜರಿ ಬಿಚ್ಚಿಸಿದ ಕೋಟು ಹಾಕಿಕೊಂಡು ಬಂದ. ಕಚೇರಿಯ ಗುಮಾಸ್ತನಂತೆ ಕಾಣುತ್ತಿದ್ದ. ಮೆರವಣಿಗೆಯುದ್ದಕ್ಕೂ ಚಾಂದಸಾಬನೊಬ್ಬನೇ ಡ್ರಮ್ ಬಡಿದ. ಮಾಮ ತುತ್ತೂರಿಯನ್ನು ಕಂಕುಳಲ್ಲಿಟ್ಟುಕೊಂಡು ಪಕ್ಕದಲ್ಲಿ ನಡೆದ. ಬೇರೆ ಹಾಡು ಅವನಿಗೆ ಎಲ್ಲಿ ಬರುತ್ತಿತ್ತು? ಗಂಡಿನ ಕಡೆಯ ಯಾರೂ ನಗಲಿಲ್ಲ. ನಾನು ಬಯಸಿದ್ದೂ ಅದನ್ನೇ.

ಸೇಡಂಗೆ ಹೊರಡುವ ಜೀಪು ಹತ್ತಿದವಳು, ಇನ್ನೂ ತುತ್ತೂರಿಯನ್ನು ಕಂಕುಳಲ್ಲೇ ಇಟ್ಟುಕೊಂಡು ನಿಂತಿದ್ದ ಮಾಮನನ್ನು ಕಂಡು ಕೆಳಗಿಳಿದೆ.

"ಊದು ಮಾಮಾ."

"ಯಾವದು?" ಎಂದ, ನೂರು ಹಾಡು ಬರುವವನಂತೆ!

"ಅದೇ."

ಅವನು ತುತ್ತೂರಿಯನ್ನು ಬಾಯಿಗಿಟ್ಟ. ಕೆನ್ನೆ ಉಬ್ಬಿದವು. ತುಟಿ ಮಾತ್ರ ಅದುರುತ್ತಿತ್ತು, ಕೂಡಲಿಲ್ಲ. ಬರೀ ಗಾಳಿ ಬಂತು. ಮತ್ತೆ ಇಟ್ಟ, ಮತ್ತೆ ಗಾಳಿ. ಚಾಂದಸಾಬ ಎತ್ತಿದ ಕೋಲನ್ನು ಇಳಿಸದೆ ನಿಂತಿದ್ದ.

ನಾನು ಡ್ರೈವರನ ಕಡೆ ತಿರುಗಿ, ಇಂಜಿನ್ ಬಂದ್ ಮಾಡಲು ಹೇಳಿದೆ.