'ನಾನು' ಎಂದು ಬರೆದ ತಟ್ಟೆ

ಒಂದು ಚಿಂತೆ ನನ್ನ ತಲೆಯಿಂದ ಇಳಿಯುವುದೇ ಇಲ್ಲ: ಕ್ರಿಮಿ! ಮಗು ಈಗಷ್ಟೇ ಅಂಬೆಗಾಲಿಡುತ್ತಿದೆ, ಸಿಕ್ಕಿದ್ದೆಲ್ಲ ಸೀದಾ ಬಾಯಿಗೆ. ಹಾಗಾಗಿ ಬೆಳಗಿನಿಂದ ಒದ್ದೆಬಟ್ಟೆ ಹಿಡಿದು ಬಾಗಿಲ ಹಿಡಿ, ಮೇಜು, ರಿಮೋಟು, ಗಿಲಕಿ ಎಲ್ಲವನ್ನೂ ಒರೆಸುತ್ತೇನೆ. ನಗುವವರು ನಗಲಿ. ಕಣ್ಣಿಗೆ ಕಾಣದ ಶತ್ರುವಿನೆದುರು ಈ ಕೋಟೆ ಕಾಯುವವಳು ನಾನೊಬ್ಬಳೇ!

ಕೋಟೆಗಿದ್ದ ಒಂದೇ ಬಿರುಕು ನಮ್ಮ ಅತ್ತೆ. ಸೋಮವಾರದಿಂದ ನಾನು ಮತ್ತೆ ಕೆಲಸಕ್ಕೆ ಹೋಗಬೇಕು. ಮಗುವನ್ನು ನೋಡಿಕೊಳ್ಳಲೆಂದೇ ಬಂದವರು ಅವರು. ಹೂಕುಂಡದ ಮಣ್ಣು ಕೆದಕಿ, ಒಂದೇ ಒಂದು ಸಲ ಸೋಪು ಹಚ್ಚಿ ತೊಳೆದು, ಸೀದಾ ಮಗುವಿನ ಗಲ್ಲಕ್ಕೆ ಕೈ!

"ಅತ್ತೆ, ಇನ್ನೊಂದ್ಸಲ ತೊಳ್ಕೊಳ್ಳಿ."

"ತೊಳೆದೆ ಕಣಮ್ಮ. ಇನ್ನೂ ಉಜ್ಜಿದ್ರೆ ಕೈರೇಖೆನೇ ಅಳಿಸಿಹೋಗುತ್ತೆ."

ಮಾತಿನಲ್ಲಿ ಇವರನ್ನು ಗೆಲ್ಲಲಾಗದು, ವಿಜ್ಞಾನದಿಂದಲೇ ಗೆಲ್ಲುತ್ತೇನೆ ಎಂದು ಪಣ ತೊಟ್ಟೆ. ನನ್ನ ಗಂಡ ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಮಾಡುವವರು.

"ರೀ, ಆ ಕ್ರಿಮಿ ಬೆಳೆಸೋ ತಟ್ಟೆ ಒಂದು ತನ್ನಿ."

"ಒಂದು ಸಾಲದು ಕಣೇ. ಹೋಲಿಸಿ ನೋಡೋಕೆ ಇನ್ನೊಂದು ಬೇಕು. ನೀನೂ ಬೆರಳು ಒತ್ತು."

"ಧಾರಾಳವಾಗಿ!"

ಜೆಲ್ಲಿ ಹರಡಿದ, ಮುಚ್ಚಳವಿರುವ ಎರಡು ಪುಟ್ಟ ಗಾಜಿನ ತಟ್ಟೆಗಳು ಬಂದವು. ಕಾಲೇಜು ಮಕ್ಕಳ ಪಾಠಕ್ಕೆ ಎಂದಾಗ ಅತ್ತೆ ಖುಷಿಯಿಂದ ಬೆರಳೊತ್ತಿದರು. ನಾನೂ ಒತ್ತಿ, ಮುಚ್ಚಳಗಳ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: 'ಅತ್ತೆ', 'ನಾನು'.

ಗಂಡನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುತ್ತದೆಯೇ? "ಅಮ್ಮಾ, ನಿನ್ನ ಕೈ ಎಷ್ಟು ಕೊಳೆ ಅಂತ ನೋಡ್ತಾಳಂತೆ ಇವಳು!" ಎಂದು ಹಲ್ಲು ಕಿರಿದರು. ಅತ್ತೆ ಚೀಲ ತೆಗೆದುಕೊಂಡರು.

"ನನ್ನ ಮಗಳ ಮನೇಲಿ ಕೈಗೆ ಪರೀಕ್ಷೆ ಇಟ್ಟಿಲ್ಲ. ಅಲ್ಲಿಗೆ ಹೋಗ್ತೀನಿ."

ಹೋಗಿಯೇ ಬಿಟ್ಟರು! ಇನ್ನು ಮಗುವನ್ನು ನೋಡಿಕೊಳ್ಳುವವರು ಯಾರು? ಆದರೂ ನಾನು ಬಗ್ಗಲಿಲ್ಲ. ಫಲಿತಾಂಶ ಬರಲಿ, ತಪ್ಪೊಪ್ಪಿಕೊಂಡು ತಾವೇ ಬರುತ್ತಾರೆ!

ಫಲಿತಾಂಶ ಬಂದ ದಿನ ಗಂಡ ಮುಖ ಊದಿಸಿಕೊಂಡು ಬಂದರು.

"ಕ್ಲಾಸಲ್ಲಿ ತೋರಿಸ್ದೆ. ಒಂದು ತಟ್ಟೇಲಿ ಅಲ್ಲೊಂದು ಇಲ್ಲೊಂದು ಚುಕ್ಕಿ. ಇನ್ನೊಂದ್ರಲ್ಲಿ ಹಳದಿ, ಬಿಳಿ, ಕಿತ್ತಳೆ... ಬಣ್ಣದ ಹಬ್ಬ!"

"ನಾನು ಹೇಳ್ಲಿಲ್ವಾ? ನಿಮ್ಮಮ್ಮಂದು!"

"ಮುಚ್ಚಳ ಓದಿದ್ರು ಮಕ್ಕಳು. 'ಸಾರ್, ನಿಮ್ಮ ಅತ್ತೆ ಕೈ ಎಷ್ಟು ಚೊಕ್ಕ, ನಿಮ್ದ್ಯಾಕೆ ಹಿಂಗೆ?' ಅಂದ್ರು! ತಟ್ಟೆ ಮೇಲೆ 'ನಾನು' ಅಂತ ಬರೆದ್ರೆ ಓದಿದೋರು ಯಾರು ಅಂದ್ಕೊಳ್ತಾರೆ? 'ನಾನು ಅಂದ್ರೆ ನಾನಲ್ಲ, ನನ್ನ ಹೆಂಡ್ತಿ' ಅಂದೆ. ಇನ್ನೂ ನಕ್ಕರು. ಒಬ್ಬಳಂತೂ 'ಎಲ್ಲ ಕೊಳೆಗೂ ಈ ನಾನು ಅನ್ನೋದೇ ಮೂಲ ಸಾರ್' ಅಂದ್ಳು!"

ನಾನು ಸೋಲುವವಳೇ? "ತಟ್ಟೆ ಅದಲುಬದಲಾಗಿದೆ! ಜೆಲ್ಲಿ ಹಳೇದು! ನಿಮ್ಮ ಲ್ಯಾಬೇ ಗಲೀಜು!"

"ಆ ಒದ್ದೆಬಟ್ಟೆ ಕಣೇ. ಅದೊಂದನ್ನೇ ಹಿಡ್ಕೊಂಡು ಮನೆಯಿಡೀ ಕ್ರಿಮಿಗಳಿಗೆ ಬಸ್ ಬಿಟ್ಟಿದೀಯ."

"ಅದನ್ನ ಬಿಸಿನೀರಲ್ಲಿ ಹಾಕಿ ಅಂತ ನಿಮಗೆ ಹೇಳಿದ್ದೆ. ಹಾಕಿದ್ರಾ?"

ಗಂಡ ಮಗುವನ್ನೆತ್ತಿಕೊಂಡು ಮೆಲ್ಲನೆ ಒಳಗೆ ನಡೆದರು. ಆ ವಾದ ನಾನೇ ಗೆದ್ದೆ! ಆದರೆ ಗೆದ್ದ ವಾದ ತೊಟ್ಟಿಲು ತೂಗುವುದಿಲ್ಲವಲ್ಲ. ಭಾನುವಾರ ಸಂಜೆ ಒಂದು ಕಡೆ ನನ್ನ ಆಫೀಸಿನ ಚೀಲ, ಇನ್ನೊಂದು ಕಡೆ ಬಾಗಿಲಿನತ್ತ ನೋಡುತ್ತ "ಜ್ಜಿ, ಜ್ಜಿ" ಎನ್ನುವ ಮಗು. ಕೊನೆಗೂ ಫೋನೆತ್ತಿದೆ. ಕ್ಷಮೆ ಕೇಳಲು ಅಲ್ಲ, ಖಂಡಿತ ಅಲ್ಲ!

"ಅತ್ತೆ, ಒಂದೇ ಸಲ ಮಾಡಿದ ಪ್ರಯೋಗಾನ ವಿಜ್ಞಾನ ಒಪ್ಪಲ್ಲ. ಮತ್ತೆ ಮತ್ತೆ ಮಾಡಿ ನೋಡ್ಬೇಕಂತೆ. ಅದಕ್ಕೆ ನಿಮ್ಮ ಕೈ ಬೇಕೇ ಬೇಕು. ನಾಳೆ ಬೆಳಿಗ್ಗೆಯಿಂದ್ಲೇ. ಮತ್ತೆ... ಇದು ತುಂಬಾ ದಿನ ನಡೆಯೋ ಸಂಶೋಧನೆ ಅತ್ತೆ, ಮಗು ಸ್ಕೂಲಿಗೆ ಹೋಗೋವರೆಗೂ..."

ಆ ಕಡೆಯಿಂದ ಕಿಸಕ್ಕೆಂದು ನಗು.

"'ಬನ್ನಿ ಅತ್ತೆ' ಅನ್ನೋ ಎರಡು ಮಾತಿಗೆ ಇಷ್ಟೊಂದು ವಿಜ್ಞಾನ ಬೇಕಾಯ್ತೇನೇ?"