ಅರಕೇರಾ ಕ್ರಾಸಿನ ಶಾಶ್ವತ ಅಗ್ಗಿಷ್ಟಿಕೆ

ದೇವದುರ್ಗ ತಾಲೂಕನ್ನು ಶೀತ ಪ್ರದೇಶವೆಂದು ಸರ್ಕಾರ ಘೋಷಿಸಿದ್ದು ಕಳೆದ ವರ್ಷ ಏಪ್ರಿಲ್ ಇಪ್ಪತ್ತೆರಡರಂದು, ಮಧ್ಯಾಹ್ನ ಎರಡೂವರೆಗೆ. ಆ ಹೊತ್ತಿನಲ್ಲಿ ರಸ್ತೆಯ ಡಾಂಬರು ಕರಗಿ ಚಪ್ಪಲಿಗೆ ಅಂಟುತ್ತಿತ್ತು ಎಂದು ಕೆಲವರು ಹೇಳುತ್ತಾರೆ. ಅದಕ್ಕೆ ದಾಖಲೆ ಇಲ್ಲ. ದಾಖಲೆ ಇರುವುದು ಹತ್ತೊಂಬತ್ತು ಡಿಗ್ರಿಗೆ, ಬರೆದವನು ನಾನೇ.

ನಾನು ಕನಕಪ್ಪ, ಹವಾ ಸೌಖ್ಯ ಇಲಾಖೆಯ ತಾಲೂಕು ಕಚೇರಿಯಲ್ಲಿ ಗುಮಾಸ್ತ. ಮೂರು ವರ್ಷದ ಹಿಂದೆ ನಮಗೊಂದು ಉಷ್ಣಮಾಪಕ ಬಂತು. ಜೊತೆಯ ಪತ್ರದಲ್ಲಿ "ಸರ್ಕಾರಿ ಸ್ವತ್ತು, ಹಾಳಾಗದಂತೆ ಜೋಪಾನ ಮಾಡತಕ್ಕದ್ದು" ಎಂದಿತ್ತು. ನಮ್ಮ ಬಿಸಿಲಿಗೆ ಇಟ್ಟರೆ ಯಾವ ಸ್ವತ್ತು ಉಳಿದೀತು? ಆದ್ದರಿಂದ ಸಾಹೇಬರಾದ ಅಂಬರೀಶ ಅವರ ಏಸಿ ಕೋಣೆಯಲ್ಲಿ ಮೊಳೆ ಹೊಡೆದು ತೂಗುಹಾಕಿದೆವು. ದಿನಾ ಮಧ್ಯಾಹ್ನ ನೋಡಿ ರಿಜಿಸ್ಟರಿಗೆ ಬರೆದೆ. ಕರೆಂಟು ಹೋದ ದಿನ ಮಾಪಕ ಮನಸ್ಸಿಗೆ ಬಂದಂತೆ ಮೇಲೇರುತ್ತಿತ್ತು, ಅಂಥ ದಿನ ಹಿಂದಿನ ದಿನದ ಅಂಕಿಯನ್ನೇ ಬರೆದು ಅದರ ತಪ್ಪನ್ನು ತಿದ್ದುತ್ತಿದ್ದೆ. ಮೂರು ವರ್ಷದಲ್ಲಿ ಒಂದು ದಿನವೂ ಬಿಟ್ಟಿಲ್ಲವೆಂದು ನನಗೆ ಪ್ರಶಂಸಾ ಪತ್ರವೂ ಬಂದಿದೆ.

ಘೋಷಣೆಯ ಬೆನ್ನಿಗೇ "ಶೀತ ಪ್ರದೇಶಗಳ ಸಾರ್ವಜನಿಕ ಶಾಶ್ವತ ಅಗ್ಗಿಷ್ಟಿಕೆ ಯೋಜನೆ" ಮಂಜೂರಾಯಿತು. ನಕ್ಷೆಯಲ್ಲಿ ಕಲ್ಲಿನ ಕಟ್ಟೆ, ನಡುವೆ ಎತ್ತು ಹಿಡಿಸುವಷ್ಟು ಬಾಯಿಯ ಒಲೆ, ಮೇಲೆ ಇಪ್ಪತ್ತೆರಡು ಅಡಿಯ ಹೊಗೆಗೂಡು. ನಿಯಮ ನಾಲ್ಕರ ಪ್ರಕಾರ ಅದನ್ನು ಜನ ದಿನಾ ಸೇರುವ ಬಯಲಿನಲ್ಲೇ ಕಟ್ಟಬೇಕು. ನಿಯಮ ಏಳರ ಪ್ರಕಾರ ಸುತ್ತ ಮೂವತ್ತು ಅಡಿಯಲ್ಲಿ ಯಾವ ಮರವೂ ಇರಕೂಡದು. ಇಡೀ ತಾಲೂಕು ಸುತ್ತಿ, ಜನ ದಿನಾ ಸೇರುವ ಜಾಗವೆಂದರೆ ಅರಕೇರಾ ಕ್ರಾಸಿನ ಬಸ್ ನಿಲ್ದಾಣ ಎಂದು ವರದಿ ಕೊಟ್ಟೆವು. ಅವರು ಸೇರುತ್ತಿದ್ದುದು ಅಲ್ಲಿದ್ದ ಬೇವಿನ ಮರದ ಕೆಳಗೆ. ವರದಿಯಲ್ಲಿ ಕಾರಣ ಬರೆಯುವ ಕಾಲಮ್ಮು ಇರಲಿಲ್ಲ.

ಆ ಮರದಡಿ ಹದಿನಾರು ವರ್ಷದಿಂದ ಮಜ್ಜಿಗೆ ಮಾರುತ್ತಿದ್ದ ಬೂದೆಮ್ಮ ಸುದ್ದಿ ಕೇಳಿ ಕಚೇರಿಗೆ ಬಂದಳು. ಅರಕೇರಾದ ಕುರಿಗಾರರ ಮನೆಯ ಹೆಂಗಸು. ಬಿಸಿಲಲ್ಲಿ ನಡೆದು ಬಂದದ್ದಕ್ಕೆ ಸೀರೆ ಬೆವರಿನಲ್ಲಿ ತೊಯ್ದಿತ್ತು. ಸಾಹೇಬರು ಫೋನಿನಲ್ಲಿದ್ದ ಕಾರಣ ಅರ್ಧ ತಾಸು ಏಸಿಯ ಕೆಳಗೇ ನಿಂತಳು.

"ಯಪ್ಪಾ, ಆ ಬೇವಿನ ಗಿಡ ಕಡೀಬ್ಯಾಡ್ರಿ" ಎಂದಳು. "ನೆಳ್ಳಿಲ್ಲಂದ್ರ ಮಜ್ಜಿಗಿ ಒಂದ್ ತಾಸಿನ್ಯಾಗ ಹುಳಿ ಆಗ್ತದ. ಕೂಸು ಕಟಗೊಂಡು ಬಸ್ಸಿಗೆ ನಿಂತೋರು ಎಲ್ಲಿಗೆ ಹೋಗ್ಬೇಕ್ರಿ?"

"ನೆಳ್ಳು ನಮ್ಮ ಇಲಾಖೆಗೆ ಬರಂಗಿಲ್ಲ ಯವ್ವಾ" ಎಂದರು ಸಾಹೇಬರು. "ನಮ್ಮದು ಬರೇ ಚಳಿ."

"ನಮ್ಮ ಕಡಿ ಚಳಿ ಎಲ್ಲದರಿ?"

ಇಷ್ಟು ಹೇಳುವಷ್ಟರಲ್ಲಿ ಅವಳ ಹಲ್ಲು ಕಟಕಟ ಅನ್ನುತ್ತಿದ್ದವು. ಸಾಹೇಬರಿಗೆ ನಿಜಕ್ಕೂ ಮರುಕ ಬಂತು. "ಕನಕಪ್ಪ, ನೋಡಿಲ್ಲಿ, ಯವ್ವ ನಡುಗಾಕತ್ತಾಳ. ಬರಕೋ" ಎಂದರು. ನಾನು ಬರೆದುಕೊಂಡೆ: "ಆಕ್ಷೇಪಣೆ ಸಲ್ಲಿಸಿದ ಮಹಿಳೆಯೇ ಚಳಿಯಿಂದ ನಡುಗುತ್ತಿದ್ದುದನ್ನು ಖುದ್ದು ಕಂಡಿದ್ದು, ಅಗ್ಗಿಷ್ಟಿಕೆಯ ಅಗತ್ಯ ಸಾಬೀತಾಗಿದೆ." ಕೆಳಗೆ ಬೂದೆಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡೆ. ಗಿಡ ಉಳಿಯಿತೆಂದುಕೊಂಡು ಅವಳು ನನಗೆ ಕೈ ಮುಗಿದು ಹೋದಳು.

ಮರ ಕಡಿಯಲು ಎರಡು ದಿನ ಹಿಡಿಯಿತು. ಬೂದೆಮ್ಮ ಬುಟ್ಟಿ ಮಗುಚಿ ಅದರ ಮೇಲೆ ಕೂತು ನೋಡಿದಳು. ಅವತ್ತು ನನಗೆ ಊಟ ಸೇರಲಿಲ್ಲ. ಸಂಜೆ ಎರಡು ಮಿರ್ಚಿ ತಿಂದೆ.

ಬೆಂಕಿಗೆ ಉರುವಲು ಒದಗಿಸುವ ಗುತ್ತಿಗೆ ಮಾನ್ವಿಯ ರೈಸ್‌ಮಿಲ್ ಮಾಲೀಕ ಶರಣಯ್ಯನವರಿಗೆ ಸಿಕ್ಕಿತು. ಅವರ ಮಿಲ್ಲಿನ ಹಿಂದೆ ಎರಡು ಮಳೆಗಾಲ ನೆನೆದು, ಇಟ್ಟಂಗಿ ಭಟ್ಟಿಯವರೂ ಬೇಡವೆಂದ ಭತ್ತದ ಹೊಟ್ಟಿನ ಗುಡ್ಡವೇ ಇತ್ತು. "ಜನ ಚಳಿಯಾಗ ಸಾಯಾಕತ್ತಾಗ ನಾ ಹೊಟ್ಟು ಇಟ್ಕೊಂಡು ಏನ್ ಮಾಡ್ಲಿರೀ?" ಎಂದು ಅವರು ಕಣ್ಣು ಒರೆಸಿಕೊಂಡರು. ಟ್ರ್ಯಾಕ್ಟರಿನ ಲೆಕ್ಕದಲ್ಲಿ ಬಿಲ್ ಬರೆಯುವಾಗ ಕಣ್ಣು ಒಣಗಿತ್ತು.

ಈ ವರ್ಷ ಏಪ್ರಿಲ್‌ನಲ್ಲಿ ಉದ್ಘಾಟನೆಯಾಯಿತು. ಅತಿಥಿಗಳಿಗೆ ಉಣ್ಣೆಯ ಶಾಲು ಹೊದಿಸಿದೆವು, ನಿಯಮದಂತೆ ಕಾರ್ಯಕ್ರಮ ಮುಗಿಯುವವರೆಗೆ ಯಾರೂ ತೆಗೆಯಲಿಲ್ಲ. ಒಬ್ಬರು ಭಾಷಣದ ಮಧ್ಯೆ ಕುಸಿದರು. ಚಳಿ ಹಿಡಿದಿರಬೇಕೆಂದು ಒಲೆಯ ಹತ್ತಿರಕ್ಕೆ ಎತ್ತಿಕೊಂಡು ಹೋದೆವು. ಪುಣ್ಯಕ್ಕೆ ಅಲ್ಲಿ ಬೇಗ ಎಚ್ಚರವಾಗಿ, ಎದ್ದು ಓಡಿಹೋದರು. ಕೊನೆಯಲ್ಲಿ ಕಟ್ಟೆಗೆ ಈ ಫಲಕ ಹಾಕಿದೆವು:

"ಸಾರ್ವಜನಿಕರ ಗಮನಕ್ಕೆ. ಬೆಂಕಿ ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಮಾತ್ರ, ಏಕೆಂದರೆ ಅದು ಕಚೇರಿ ವೇಳೆ. ಇಲ್ಲಿ ಛತ್ರಿ ಬಿಚ್ಚಬಾರದು, ಬಿಸಿಲಿದೆಯೆಂಬ ತಪ್ಪು ಕಲ್ಪನೆ ಹರಡುತ್ತದೆ. ಬೆವರುವವರು ದೂರ ನಿಂತು ಚಳಿಯಾದವರಿಗೆ ಅವಕಾಶ ಮಾಡಿಕೊಡಬೇಕು."

ಜನ ಬಹಳ ಬೇಗ ಹೊಂದಿಕೊಂಡರು. ಆ ಬಯಲಿನಲ್ಲಿ ನೆರಳೆಂದು ಉಳಿದದ್ದು ಹೊಗೆಗೂಡಿನದೊಂದೇ. ಆಳಿನಷ್ಟು ಅಗಲದ ನೆರಳಿನಲ್ಲಿ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಲ್ಲತೊಡಗಿದರು. ನೆರಳು ಸರಿದಂತೆ ಸಾಲೂ ಸರಿಯುತ್ತಿತ್ತು. ನಡುಮಧ್ಯಾಹ್ನ ಅದು ಬುಡದೊಳಗೆ ಸೇರಿಹೋದರೆ, ಬೂದೆಮ್ಮ ಮಜ್ಜಿಗೆ ಗಡಿಗೆಗೆ ತನ್ನ ಸೆರಗು ಮುಚ್ಚಿ ತಾನು ಬರಿತಲೆಯಲ್ಲಿ ಕೂರುತ್ತಿದ್ದಳು. ನಮ್ಮ ವರದಿಯಲ್ಲಿ "ದಿನವೂ ನಲವತ್ತು ಮಂದಿ ಸರತಿಯಲ್ಲಿ ನಿಂತು ಪ್ರಯೋಜನ ಪಡೆಯುತ್ತಿದ್ದಾರೆ" ಎಂದು ಬರೆದೆವು. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಹೋದ ವಾರ ತಪಾಸಣೆಗೆ ಹೋದಾಗ ಬೂದೆಮ್ಮನೇ ನನ್ನನ್ನು ಕರೆದಳು.

"ಯಪ್ಪಾ, ಈ ಒಲಿದು ಕೊಳವಿ ಇನ್ನ ಹದಿನೈದು ಅಡಿ ಎತ್ತರ ಮಾಡಸ್ರಿ. ನೆಳ್ಳು ಉದ್ದ ಆಗ್ತದ. ಹಿಂದಿನ ಮಂದಿ ಬಿಸಲಾಗ ನಿಂತಾರ."

ಸಾಲಿನಲ್ಲಿದ್ದವರೆಲ್ಲ ಹೌದೌದು ಎಂದರು. ಗಿಡದ ಮಾತನ್ನು ಯಾರೂ ಎತ್ತಲಿಲ್ಲ.

"ನೆಳ್ಳಂತ ಬರದ್ರ ಅರ್ಜಿ ವಾಪಸ್ ಬರ್ತದ ಯವ್ವಾ" ಎಂದೆ. "ಚಳಿ ತಡಕೊಳ್ಳಾಕ ಆಗವಲ್ದು, ದೊಡ್ಡ ಬೆಂಕಿ ಬೇಕು, ಅದಕ್ಕ ದೊಡ್ಡ ಕೊಳವಿ ಬೇಕು ಅಂತ ಬರೀತೀನಿ."

ಬೂದೆಮ್ಮ ಒಲೆಯ ಕಡೆ ನೋಡಿದಳು, ಮೇಲೆ ಸೂರ್ಯನ ಕಡೆ ನೋಡಿದಳು.

"ಹಂಗ ಬರಿ ಯಪ್ಪಾ. ಭಾಳ ಚಳಿ ಅದ ಅಂತ ಬರಿ."

ಕಟ್ಟೆಯ ಮೇಲೆ ಕೂತು ಬರೆದೆ. ಶಾಯಿ ಪ್ಯಾಡು ಮುಂದಿಟ್ಟಾಗ ಬೂದೆಮ್ಮ ಹೆಬ್ಬೆರಳು ಒತ್ತಿದಳು. ಗುರುತು ಮೂಡಲಿಲ್ಲ, ಶಾಯಿ ಬೆವರಿನಲ್ಲಿ ಹರಿದು ಕಾಗದದ ಅಂಚಿಗೆ ಹೋಯಿತು.

"ಬೆವರು ಒರಸ್ಕೋ ಯವ್ವಾ" ಎಂದೆ. "ಇದು ಚಳಿ ಅರ್ಜಿ."

ಅವಳು ಹೆಬ್ಬೆರಳನ್ನು ಸೆರಗಿಗೆ ತಿಕ್ಕಿ ಮತ್ತೆ ಒತ್ತಿದಳು, ಈ ಸಲ ಗುರುತು ಚೆನ್ನಾಗಿ ಬಂತು. ಹಿಂದೆ ನೆರಳಿನ ಸಾಲಿನಲ್ಲಿದ್ದ ನಲವತ್ತು ಮಂದಿಯೂ, ಯಾರೂ ಹೇಳದೆ, ತಮ್ಮ ತಮ್ಮ ಹೆಬ್ಬೆರಳು ಒರೆಸಿಕೊಳ್ಳತೊಡಗಿದರು.